ಶೋಕಸಭೆಗೊಂದು ಉಪಮೆ

ಸತ್ತವರ ಬಗ್ಗೆ ನಾಲ್ಕು ಮಾತು ಬರೆಯುವುದು ಕಷ್ಟವೇನಲ್ಲ. ಬರೆದ ಹಾಳೆಯನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಬಿಟ್ಟು ಕ್ಲಾಸಿಗೆ ಹೋಗಬಾರದು, ಅಷ್ಟೆ. ಅಲಂಕಾರ ಮೇಷ್ಟ್ರು ಬಿಟ್ಟು ಹೋದರು.

ಅವರು ಭಾಷೆ ಕಲಿಸುವ ಮೇಷ್ಟ್ರು. ಇದು ಅದರ ಹಾಗೆ ಎಂದರೆ ಉಪಮೆ, ಇದೇ ಅದು ಎಂದುಬಿಟ್ಟರೆ ರೂಪಕ, ಇದ್ದದ್ದನ್ನು ಹಿಗ್ಗಿಸಿದರೆ ಅತಿಶಯೋಕ್ತಿ ಎಂದು ಇಪ್ಪತ್ತಾರು ವರ್ಷ ಒಂದೇ ರಾಗದಲ್ಲಿ ಹೇಳಿಕೊಟ್ಟಿದ್ದಕ್ಕೆ ಮಕ್ಕಳು ಇಟ್ಟ ಹೆಸರು ಅದು. ಅಷ್ಟೂ ವರ್ಷ ಅವರ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು ಲೆಕ್ಕದ ಮೇಷ್ಟ್ರು. ಕಳೆದ ಸೋಮವಾರ ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದೇ ಕುಸಿದವರು ಮತ್ತೆ ಏಳಲಿಲ್ಲ. ಇವತ್ತು ನಾಲ್ಕು ಗಂಟೆಗೆ ಶೋಕಸಭೆ. "ಅವರು ಎಂಥವರು ಅಂತ ನೀವೇ ಹೇಳ್ಬೇಕು ಮೇಷ್ಟ್ರೇ. ಮಗಳು ಕೇಳಿಸ್ಕೊಳ್ಳಲಿ," ಎಂದು ಅವರ ಹೆಂಡತಿ ಕೇಳಿಕೊಂಡಿದ್ದರು. ಅಲಂಕಾರ ಮೇಷ್ಟ್ರು ಮಾತು ಕೊಟ್ಟಿದ್ದರು. ಮೂರು ದಿನ ತಲೆ ಕೆಡಿಸಿಕೊಂಡು ಒಂದು ಹಾಳೆ ತುಂಬಿಸಿದ್ದರು.

ಆ ಶಾಲೆಯಿಂದ ಹೊರಬೀಳುವ ಯಾವ ಕಾಗದವನ್ನೇ ಆಗಲಿ, ಮೇಷ್ಟ್ರುಗಳೆಲ್ಲ ನೋಡಿ ತಿದ್ದಬೇಕೆಂಬುದು ಮುಖ್ಯೋಪಾಧ್ಯಾಯಿನಿ ದೊಡ್ಡ ಮೇಡಂ ಹೊರಡಿಸಿದ ಕಟ್ಟಪ್ಪಣೆ. ಹಿಂದೊಮ್ಮೆ ಆಹ್ವಾನಪತ್ರಿಕೆಯಲ್ಲಿ ಅತಿಥಿಯ ಹೆಸರೇ ಬಿಟ್ಟುಹೋಗಿತ್ತು. ಅಂದಿನಿಂದ ಅವರಿಗೆ ಯಾರ ಬರಹದ ಮೇಲೂ ನಂಬಿಕೆಯಿಲ್ಲ. ಅಲಂಕಾರ ಮೇಷ್ಟ್ರು ಕ್ಲಾಸು ಮುಗಿಸಿ ಬರುವಷ್ಟರಲ್ಲಿ ಹಾಳೆ ಕೆಂಪಾಗತೊಡಗಿತ್ತು. ವಿಜ್ಞಾನದ ಮೇಡಂ ಪೆನ್ನು ಹಿಡಿದು ಕಾಯುತ್ತಿದ್ದರು.

"ಚಂದ್ರನ ಹಾಗೆ ಬೆಳಕು ಕೊಟ್ಟರು ಅಂತ ಬರೆದಿದ್ದೀರಿ. ಚಂದ್ರನಿಗೆ ಸ್ವಂತ ಬೆಳಕು ಎಲ್ಲಿದೆ ಮೇಷ್ಟ್ರೇ? ಏಳನೇ ಕ್ಲಾಸಿನ ಪಾಠ."

"ಉಪಮೆ ಕಣ್ರೀ. ಅದರಲ್ಲಿ ಬೇಕಾದ ಗುಣ ಮಾತ್ರ ತಗೊಂಡು ಉಳಿದದ್ದು ಬಿಡಬೇಕು."

"ಪೂರ್ತಿ ಬಿಟ್ಟಿದ್ದೀನಿ," ಎಂದು ಮೇಡಂ ತಾವು ಎಳೆದ ಗೀಟು ತೋರಿಸಿದರು.

ಹಾಳೆ ಭೂಗೋಳದವರ ಕೈಗೆ ಹೋಯಿತು. ಬೆಟ್ಟದ ಹಾಗೆ ಅಲುಗದೆ ನಿಂತವರು ಎಂಬುದನ್ನು ಓದಿ ಅವರು ತಲೆ ಆಡಿಸಿದರು. "ಬೆಟ್ಟ ವರ್ಷವರ್ಷವೂ ಸವೀತದೆ," ಎಂದು ಅದನ್ನೂ ಹೊಡೆದರು. ಲೆಕ್ಕದ ಮೇಷ್ಟ್ರು ನಮ್ಮ ಪಾಲಿನ ದೊರೆ ಎಂಬ ರೂಪಕ ಚರಿತ್ರೆಯವರಿಗೆ ಹಿಡಿಸಲಿಲ್ಲ. "ಯಾವ ದೊರೆ ಅಂತ ಹೇಳಿ. ಮುಕ್ಕಾಲು ಪಾಲು ದೊರೆಗಳು ಅಣ್ಣತಮ್ಮಂದಿರನ್ನ ಕೊಂದೇ ಪಟ್ಟ ಏರಿದವರು. ಮನೆಯವರು ಮುಂದೆ ಕೂತಿರ್ತಾರೆ, ಬೇಡ."

ಕೊನೆಗೆ ಉಳಿದದ್ದು ಅತಿಶಯೋಕ್ತಿ. ಊರಿಗೆ ಊರೇ ಅತ್ತಿತು ಎಂಬ ಆ ಸಾಲನ್ನು ಡ್ರಿಲ್ ಮೇಷ್ಟ್ರು ಮೆಲ್ಲಗೆ ಓದಿಕೊಂಡರು. "ಅವತ್ತು ಅಂತಿಮ ದರ್ಶನಕ್ಕೆ ಸಾಲು ನಿಲ್ಲಿಸಿದ್ದು ನಾನೇ. ನಲವತ್ತಮೂರು ಜನ ಬಂದಿದ್ರು. ಅತ್ತವರು ಹನ್ನೊಂದು."

"ಅಲ್ರೀ, ಸತ್ತವರ ವಿಷಯದಲ್ಲೂ ಹೀಗೆ ಕೂದಲು ಸೀಳ್ತೀರಲ್ಲ," ಎಂದರು ಅಲಂಕಾರ ಮೇಷ್ಟ್ರು.

"ಲೆಕ್ಕದವರು ಇದ್ದಿದ್ರೆ ಸುಮ್ನೆ ಬಿಡ್ತಿದ್ರಾ?" ಎಂದರು ಡ್ರಿಲ್ ಮೇಷ್ಟ್ರು.

ಬಿಡುತ್ತಿರಲಿಲ್ಲ. ಎಲ್ಲರಿಗಿಂತ ಮೊದಲು ಪೆನ್ನು ಎತ್ತುತ್ತಿದ್ದವರು ಅವರೇ. "ಅದರ ಹಾಗೆ ಇದು ಅಂದ್ರೆ ಸಾಲದು, ಸಾಧಿಸಿ ತೋರಿಸಿ," ಎಂದು ಇಪ್ಪತ್ತಾರು ವರ್ಷ ಕೀಟಲೆ ಮಾಡಿದ್ದರು. ಆ ಕೀಟಲೆ ಇನ್ನು ಕೇಳುವುದಿಲ್ಲ. ಅಲಂಕಾರ ಮೇಷ್ಟ್ರು ಹೊಸದಾಗಿ ಬರೆಯೋಣವೆಂದು ಕೂತರು. ಒಂದು ಅಕ್ಷರವೂ ಮೂಡಲಿಲ್ಲ. ಅಷ್ಟರಲ್ಲಿ ನಾಲ್ಕರ ಗಂಟೆ ಹೊಡೆಯಿತು.

ಸಭಾಂಗಣದ ಮೊದಲ ಸಾಲಿನಲ್ಲಿ ತಾಯಿ ಮಗಳು ಕೂತಿದ್ದರು. ಅಲಂಕಾರ ಮೇಷ್ಟ್ರು ವೇದಿಕೆ ಏರಿ ಹಾಳೆ ಬಿಡಿಸಿದರೆ ಓದಲು ಒಂದು ಸಾಲೂ ನೆಟ್ಟಗಿರಲಿಲ್ಲ. ಅದನ್ನು ಮಡಚಿ ಜೇಬಿಗಿಟ್ಟರು.

"ಲೆಕ್ಕದ ಮೇಷ್ಟ್ರು ಇಪ್ಪತ್ತಾರು ವರ್ಷ ನನ್ನ ಪಕ್ಕದಲ್ಲಿ ಕೂತಿದ್ದರು," ಎಂದರು. "ಈಗ ಕೂತಿಲ್ಲ." ಅಷ್ಟು ಹೇಳಿ ಕೆಳಗಿಳಿದರು.

"ಏನ್ ಮೇಷ್ಟ್ರೇ, ಇಷ್ಟೇನಾ? ಒಂದು ಉಪಮೆಯಾದ್ರೂ ಇರಬೇಡವಾ?" ಎಂದು ದೊಡ್ಡ ಮೇಡಂ ಪಿಸುಗುಟ್ಟಿದರು. ವಿಜ್ಞಾನದವರೂ ಭೂಗೋಳದವರೂ ಹೌದೆಂಬಂತೆ ತಲೆದೂಗಿದರು. ಅಲಂಕಾರ ಮೇಷ್ಟ್ರು ಕೊಟ್ಟ ಮಾತು ಉಳಿಸಿಕೊಳ್ಳಲಾಗಲಿಲ್ಲವೆಂದು ನಾಚಿ, ಯಾರ ಮುಖವನ್ನೂ ನೋಡದೆ ಸ್ಟಾಫ್ ರೂಮು ಸೇರಿಕೊಂಡರು.

ಲೆಕ್ಕದ ಮೇಷ್ಟ್ರ ಹೆಂಡತಿ ಅಲ್ಲಿಗೇ ಬಂದರು.

"ತಪ್ಪಾಯ್ತು ಅತ್ತಿಗೆ. ಅವರು ಎಂಥವರು ಅಂತ ನನಗೆ ಹೇಳೋಕಾಗಲಿಲ್ಲ," ಎಂದರು ಇವರು.

"ಅದು ಹಾಗಿರಲಿ ಮೇಷ್ಟ್ರೇ," ಎಂದು ಆಕೆ ಚೀಲದಿಂದ ಒಂದು ಕಾಗದ ತೆಗೆದರು. "ಮುಂದಿನ ತಿಂಗಳು ನೀವು ರಿಟೈರ್ ಆಗ್ತೀರಲ್ಲ, ಆ ದಿನ ಮಾತಾಡೋದಕ್ಕೆ ಅಂತ ಅವರು ಬರೆದಿಟ್ಟಿದ್ರು. ಯಾರಿಗೂ ತೋರಿಸಿರಲಿಲ್ಲ. ನಿಮಗೇ ಸೇರಬೇಕಾದ್ದು."

ಆಕೆ ಹೋದ ಮೇಲೆ ಇವರು ಕಾಗದ ಬಿಡಿಸಿದರು. ಎರಡೇ ಸಾಲು ಇತ್ತು.

"ನಮ್ಮ ಭಾಷೆಯ ಮೇಷ್ಟ್ರು ಭಾಗಾಕಾರದ ಶೇಷದ ಹಾಗೆ. ಎಲ್ಲವೂ ಹಂಚಿಹೋದ ಮೇಲೂ ಅವರೊಬ್ಬರು ಉಳಿಯುತ್ತಾರೆ."

ಅದರ ಕೆಳಗೆ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿತ್ತು: "ಇದು ಉಪಮೆ ತಾನೆ? ಅವರನ್ನೇ ಕೇಳಿ ಖಚಿತ ಮಾಡಿಕೊಳ್ಳಬೇಕು."

ಅಲಂಕಾರ ಮೇಷ್ಟ್ರು ಮೂರು ಸಲ ಓದಿದರು. ಎಲ್ಲಿ ಹುಡುಕಿದರೂ ತಪ್ಪು ಸಿಗಲಿಲ್ಲ. ಅಂಚಿನಲ್ಲಿ ಹತ್ತಕ್ಕೆ ಹತ್ತು ಎಂದು ಹಾಕಿ, ಅದನ್ನು ಯಾರಿಗೆ ವಾಪಸು ಕೊಡುವುದೆಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡೇ ಕೂತರು.