ಕೈ ಎತ್ತದೆ ಬರೆದ ಸಾಲು

‘ಅಲ್ಪ ವಿದ್ಯಾ ಮಹಾಗರ್ವಿ’ ಎಂದು ಹಿರಿಯರು ಹೇಳಿದ್ದು ನನ್ನಂಥವರನ್ನು ನೋಡಿಯೇ ಇರಬೇಕು. ಪೂರಾ ಬಲ್ಲವನು ಪಾಠ ಹೇಳಲು ಹಿಂದೆಮುಂದೆ ನೋಡುತ್ತಾನೆ. ಅರ್ಧ ಬಲ್ಲವನಿಗೆ ನಾಲಿಗೆ ತುರಿಸುತ್ತಿರುತ್ತದೆ. ಎಪ್ಪತ್ತರ ದಶಕದಲ್ಲಿ ಹೊಸದುರ್ಗದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದಾಗ, ಮಗಳು ಗಿರಿಜೆಗೆ ಇಂಗ್ಲಿಷಿನ ಕೂಡುಬರಹ ಕಲಿಸಲು ಹೊರಟಿದ್ದೆ. ಬಾಗೂರಿನ ಶಾಲೆಯಲ್ಲಿ ನಾನು ಕಲಿತದ್ದು ಬಿಡಿಬಿಡಿ ಅಕ್ಷರ. ಒಂದಕ್ಕೊಂದು ಕೊಂಡಿ ಹಾಕುವುದನ್ನು ನಮ್ಮ ಸಾಹೇಬರ ಟಿಪ್ಪಣಿಗಳನ್ನು ನೋಡಿ ನೋಡಿ ಹಿಡಿದುಕೊಂಡಿದ್ದೆ, ಅಷ್ಟೆ.

ಗಿರಿಜೆಯ ಶಾಲೆಗೆ ಹೊಸ ಕೊಠಡಿಯಾಗಿ, ಅದರ ಪ್ರಾರಂಭಕ್ಕೆ ಚಿತ್ರದುರ್ಗದಿಂದ ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬರು ಬರುವವರಿದ್ದರು. ಅವರ ಎದುರಿಗೇ ಒಂದು ಮಗು ಬೋರ್ಡಿನ ಮೇಲೆ ‘ವೆಲ್‌ಕಮ್ ಟು ಅವರ್ ಸ್ಕೂಲ್’ ಎಂದು ಕೂಡುಬರಹದಲ್ಲಿ ಬರೆಯಬೇಕೆಂಬ ಹುಕಿ ಹೆಡ್‌ಮಾಸ್ಟರಿಗೆ ಬಂದಿತ್ತು. ನಮ್ಮ ಗಿರಿಜೆಯೋ, ಮೇಷ್ಟ್ರು ಹೆಸರು ಕೂಗಿದರೆ ಮುಂದಿನವಳ ಬೆನ್ನ ಹಿಂದೆ ಅಡಗುವ ಹುಡುಗಿ. ಅಂಥವಳು ಮನೆಗೆ ಬಂದು, “ಅಪ್ಪಾಜಿ, ಅದನ್ನ ನಾನೇ ಬರೀಬೇಕು. ಕಲಿಸ್ತೀರಾ?” ಎಂದಾಗ ನಾನು ಆಗಲೇ ಸ್ಲೇಟು ಹುಡುಕಲು ಎದ್ದೆ.

“ಏನೂ ಕಷ್ಟ ಇಲ್ಲ ಕಣವ್ವ, ಕೈ ಎತ್ತಬಾರದು ಅಷ್ಟೇ” ಎಂದೆ. ನನಗೆ ಗೊತ್ತಿದ್ದದ್ದೂ ಅಷ್ಟೇ. ಸಂಜೆಯಾದರೆ ಜಗಲಿಯ ಮೇಲೆ ಕೂತು, ಸ್ಲೇಟಿಗೆ ನಾಲ್ಕು ಗೆರೆ ಎಳೆದು, ಅವಳ ಮುಂಗೈ ಹಿಡಿದು ತಿದ್ದಿಸುವುದು. ಬಳಪ ಚೂರು ಎದ್ದರೂ “ಎತ್ತಿದೆ ನೋಡು!” ಎಂದು ಗದರುವುದು.

“ಮೂಗು ತುರಿಕೆ ಬಂದ್ರೆ ಅಪ್ಪಾಜಿ?”

“ಎಡಗೈ ಯಾಕೈತೆ?”

“ಸ್ಲೇಟೇ ಮುಗಿದೋದ್ರೆ?”

“ಜಗಲಿ ಕಲ್ಲಿನ ಮ್ಯಾಲೆ ಹೋಗ್ಲಿ. ಸಾಲು ಮಾತ್ರ ಕಡೀಬಾರ್ದು.”

ಒಳಗಿನಿಂದ ನನ್ನಾಕೆ, “ಮಗೀಗೆ ಊಟಕ್ಕೆ ಬಿಡ್ರಿ. ನಿಮ್ಮ ಇಂಗ್ಲೀಷು ಎಲ್ಲಿಗೂ ಓಡೋಗಲ್ಲ” ಎಂದು ಕೂಗುತ್ತಿದ್ದಳು. ಜಗಲಿ ತೊಳೆಯುವವಳು ಅವಳೇ ತಾನೇ, ಸಿಟ್ಟು ಬರದೆ ಇರುತ್ತದೆಯೇ? ಆದರೂ ಆ ಪುಟ್ಟ ಬಿಸಿ ಮುಂಗೈಯನ್ನು ನೆನೆದರೆ ಈಗಲೂ ಆ ಜಗಲಿ ಬೇಕೆನಿಸುತ್ತದೆ.

ಮೇಷ್ಟ್ರು ಎಲ್ಲರಿಂದ ‘ವೆಲ್‌ಕಮ್’ ಒಂದನ್ನೇ ಬರೆಸಿ ನೋಡಿದರು; ಅಂತೂ ಗಿರಿಜೆಯೇ ಆಯ್ಕೆಯಾದಳು. ಪ್ರಾರಂಭದ ದಿನ ತಂದೆತಾಯಿಯರ ಸಾಲಿನಲ್ಲಿ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದೆಯೇ ಕುಳಿತಿದ್ದೆ. ಅವಳು ಸೀಮೆಸುಣ್ಣ ಬೋರ್ಡಿಗೆ ಒತ್ತಿದಳು. ‘ವೆಲ್‌ಕಮ್’ ದುಂಡಗೆ ಬಂತು. ಅಲ್ಲಿ ಕೈ ಎತ್ತಬೇಕಿತ್ತು; ಎತ್ತಲಿಲ್ಲ. ಪದ ಮುಗಿದ ಮೇಲೆ ಎತ್ತಬಹುದೆಂದು ನಾನು ಹೇಳಿದ್ದರೆ ತಾನೇ? ಒಂದೇ ಎಳೆಯಲ್ಲಿ ‘ಟು’, ‘ಅವರ್’ ಹೊರಟವು. ‘ಸ್ಕೂಲ್’ ಅರ್ಧಕ್ಕೆ ಬರುವಷ್ಟರಲ್ಲಿ ಬೋರ್ಡು ಮುಗಿಯಿತು. ಅಯ್ಯೋ ಶಿವನೇ, ಹುಡುಗಿ ನಿಲ್ಲಲಿಲ್ಲ! ಎಡಗೈಯಲ್ಲಿ ಮೂಗು ತುರಿಸಿಕೊಂಡು, ಹೊಸದಾಗಿ ನೀಲಿ ಬಳಿದ ಗೋಡೆಯ ಮೇಲೆ ಸಾಲನ್ನು ಮುಗಿಸಿ, ನನ್ನತ್ತ ತಿರುಗಿ ನಕ್ಕಳು.

ಸಭೆಯೆಲ್ಲ ಘೊಳ್ಳೆಂದಿತು. ಅವಳ ಮುಖ ಬಾಡಿತು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಸಾಹೇಬರು ನಗು ತಡೆದು, “ಯಾರವ್ವ ನಿನಗೆ ಕಲಿಸಿದ್ದು?” ಎಂದರು. ಅವಳು ಸೀಮೆಸುಣ್ಣದಲ್ಲೇ ನನ್ನನ್ನು ತೋರಿಸಿದಳು.

“ಬರ್ರಿ ಯಜಮಾನ್ರೆ, ನೀವೂ ಒಂದ್ ಸಾಲು ಬರೀರಿ, ನೋಡಾಣ.”

ಬೋರ್ಡಿನ ಮುಂದೆ ನಿಂತೆ. ಸೀಮೆಸುಣ್ಣ ಹಿಡಿದೆ. ಎರಡಕ್ಷರ ಬರೆದು ನಿಂತೆ. ಮತ್ತೊಂದು ಬರೆದೆ, ನಿಂತೆ. ಬಾಗೂರಿನ ಬಿಡಿ ಅಕ್ಷರಗಳೇ ಒಂದೊಂದಾಗಿ ಬಂದವು. ಹಿಂದಿನಿಂದ, ಎಂದೂ ಬಾಯಿಬಿಡದ ಆ ಹುಡುಗಿ ಇಡೀ ಶಾಲೆಗೆ ಕೇಳುವಂತೆ ಕೂಗಿದಳು: “ಅಪ್ಪಾಜಿ, ಕೈ ಎತ್ತಬ್ಯಾಡ್ರಿ!”

ಈ ಸಲದ ನಗುವಿನಲ್ಲಿ ಅವಳದೇ ಎಲ್ಲರಿಗಿಂತ ಜೋರು. ಅದನ್ನು ಕೇಳಿ ನನಗೂ ನಗು ಬಂತು.

ಈಗ ಬ್ಯಾಂಕಿನಲ್ಲಿ ಸಹಿ ಹಾಕಲು ಪೆನ್ನು ಊರಿದರೆ ಸಾಕು, ಆ ಕೂಗು ಕಿವಿಯಲ್ಲಿ ಕೇಳುತ್ತದೆ. ಕೈ ಎತ್ತುವುದಿಲ್ಲ. “ಚೌಕದ ಒಳಗೆ ಮಾಡ್ರಿ ಅಜ್ಜಾರೆ” ಎಂದು ಕೌಂಟರಿನ ಹುಡುಗಿ ಪ್ರತಿ ಸಲವೂ ಬೈಯುತ್ತಾಳೆ.