ಹೆದ್ದಾರಿಯ ಏಳನೇ ಗೆರೆ

ಎಲ್ಲವೂ ಕಟ್ಟುನಿಟ್ಟಾಗಿ ನಡೆಯಲಿ ಎಂದು ಹೊರಟವರನ್ನೇ ಹುಡುಕಿಕೊಂಡು ಬರುತ್ತವೆ ಇಂಥ ಪ್ರಸಂಗಗಳು. ನಾವು ತಯಾರಿಸುತ್ತಿದ್ದದ್ದು ಹೆದ್ದಾರಿಯ ಮೇಲೆ ಎಳೆಯುವ ಬಿಳಿ ಗೆರೆಯ ಬಣ್ಣ. ಕಾರ್ಖಾನೆ ಪೀಣ್ಯದಲ್ಲಿ, ಆಫೀಸು ಚಾಮರಾಜಪೇಟೆಯಲ್ಲಿ, ಮನೆ ಬಸವನಗುಡಿಯಲ್ಲಿ. ಪಾಲುದಾರ ನನ್ನ ಹೆಂಡತಿಯ ತಮ್ಮ. ಬಣ್ಣ ಒಣಗಲು ಹಿಡಿಯುವಷ್ಟು ಹೊತ್ತೂ ಅವನು ಬಾಯಿ ಮುಚ್ಚಿಕೊಂಡು ಇದ್ದವನಲ್ಲ.

೧. ಗಡಿಯಾಚೆಯ ಬಿಸಿಲು

ತೊಂಬತ್ತರ ದಶಕದ ಮಾತು. ಆಗ ಒಂದೊಂದು ರಾಜ್ಯಕ್ಕೂ ಒಂದೊಂದು ಪರೀಕ್ಷೆ. ಒಂದೇ ಕಡಾಯಿಯಲ್ಲಿ ಬೆಂದ ಬಣ್ಣ ಒಂದು ರಾಜ್ಯದಲ್ಲಿ ತೆಳು, ಇನ್ನೊಂದರಲ್ಲಿ ಗಟ್ಟಿ, ಮೂರನೆಯದರಲ್ಲಿ ‘ಸ್ಯಾಂಪಲ್ ಕಾಣಿಸುತ್ತಿಲ್ಲ, ಮತ್ತೆ ಕಳಿಸಿ’.

ನೆರೆರಾಜ್ಯದ ಗಡಿ ಊರೊಂದಕ್ಕೆ ನಾನೇ ಹೋದೆ. ನಮ್ಮ ರಾಜ್ಯದಲ್ಲಿ ಪಾಸಾದ ವರದಿಯನ್ನು ಅಲ್ಲಿನ ಎಂಜಿನಿಯರ್ ಮುಂದಿಟ್ಟೆ. ಆತ ಕನ್ನಡ ಬಲ್ಲವರು. ವರದಿಯನ್ನು ಬೆರಳ ತುದಿಯಿಂದ ನನ್ನ ಕಡೆಗೇ ತಳ್ಳಿದರು.

“ಇದು ನಿಮ್ಮ ಬಿಸಿಲಲ್ಲಿ ಮಾಡಿದ್ದು. ನಮ್ಮ ಬಿಸಿಲು ಬೇರೆ.”

“ಸಾರ್, ಆ ಪರೀಕ್ಷೆ ಮಾಡಿದ ರಸ್ತೆ ನಿಮ್ಮ ಕಿಟಕಿಯಿಂದ ಕಾಣಿಸ್ತಿದೆ.”

ಅವರು ಎದ್ದು ಕಿಟಕಿಯಲ್ಲಿ ನೋಡಿದರು. ಮರ್ಯಾದಸ್ಥರು, ಕಣ್ಣಿಗೆ ಕೈ ಅಡ್ಡ ಹಿಡಿದೇ ನೋಡಿದರು.

“ಹೌದು, ಕಾಣಿಸತ್ತೆ. ಅಲ್ಲಿ ಬಿಸಿಲು ಸ್ವಲ್ಪ ಕಮ್ಮಿನೇ.”

ಸೂರ್ಯನಿಗೂ ಚೆಕ್‌ಪೋಸ್ಟ್ ಇದೆ ಎಂದು ಅವತ್ತು ತಿಳಿಯಿತು.

೨. ತಾತ್ವಿಕವಾಗಿ ಸ್ವಾಗತ

ಹೀಗೆ ಅಲೆದು ಅಲೆದು, ದೇಶಕ್ಕೆಲ್ಲ ಒಂದೇ ಪರೀಕ್ಷೆ ಇರಲಿ, ಅದರ ಫಲಿತಾಂಶವನ್ನು ಎಲ್ಲ ರಾಜ್ಯದವರೂ ಒಪ್ಪಲಿ ಎಂದು ನಾವು ತಯಾರಕರು ವರ್ಷಗಟ್ಟಲೆ ಕೂಗಿದೆವು. ಕೂಗಿದ್ದು ಒಂದು ದಿನ ದೆಹಲಿಗೆ ಕೇಳಿಸಿಬಿಟ್ಟಿತು! ಗಾಂಧಿನಗರದ ಒಂದು ಹೋಟೆಲಿನಲ್ಲಿ ಸಭೆ. ದೆಹಲಿಯ ಅಧಿಕಾರಿ, ಮೂಲತಃ ನಮ್ಮ ಕಡೆಯವರೇ, ಹೇಳಿದರು: “ನೀವು ಕೇಳಿದ್ದನ್ನೇ ತಂದಿದ್ದೇವೆ. ಎಲ್ಲರ ಗೆರೆಗಳನ್ನೂ ಒಂದೇ ರಸ್ತೆಯ ಮೇಲೆ ಎಳೆದು ಪರೀಕ್ಷೆ. ನಿಮ್ಮ ಅಭಿಪ್ರಾಯ ತಿಳಿಸಿ.”

ಎಲ್ಲರೂ ಮುಂದಿದ್ದ ಕಾಫಿ ಲೋಟ ಎತ್ತಿಕೊಂಡರು.

ಕೊನೆಗೆ ಮಲ್ಲೇಶ್ವರದ ಹಿರಿಯ ತಯಾರಕರೊಬ್ಬರು ಎದ್ದರು. “ತಾತ್ವಿಕವಾಗಿ ಸ್ವಾಗತ. ಆದರೆ ನೋಡಿ, ಈಗ ಒಂದು ರಾಜ್ಯದಲ್ಲಿ ಫೇಲಾದ್ರೆ ಇನ್ನೊಂದು ರಾಜ್ಯ ಇದೆ. ಒಂದೇ ಪರೀಕ್ಷೆ ಅಂತಾದ್ರೆ, ತುಮಕೂರಲ್ಲಿ ಫೇಲಾದೋನು ಕಾಶ್ಮೀರದಲ್ಲೂ ಫೇಲ್. ಆಮೇಲೆ ನಾವು ಎಲ್ಲಿಗೆ ಹೋಗೋದು, ನೇಪಾಳಕ್ಕಾ?”

ಎಲ್ಲರ ಹೊಟ್ಟೆಯೊಳಗಿನ ಮಾತನ್ನು ಅವರು ಆಡಿದ್ದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಒಳ್ಳೆಯ ಮಾಲು ಮಾಡುವವನಿಗೆ ಭಯವೇಕೆ, ಗೆರೆಗಳಿಗೆ ಹೆಸರು ಬೇಡ, ಬರೀ ನಂಬರು ಇರಲಿ, ಎಲ್ಲ ಗೆರೆಗೂ ಒಂದೇ ಬಿಸಿಲು ಒಂದೇ ಲಾರಿ ಇರಲಿ, ಗೆರೆ ಮುಟ್ಟಿದ ತಯಾರಕನನ್ನು ಹೊರಗೆ ಹಾಕಿ ಎಂದೆ. ಚಪ್ಪಾಳೆ ಬಿತ್ತು.

ಕೂತ ಕೂಡಲೇ ಭಾವಮೈದ ಕಿವಿಗೆ ಬಂದ. “ಭಾವ, ನಮ್ಮದು ಪಾಸಾಗತ್ತೆ ಅಂತ ಗ್ಯಾರಂಟಿನಾ?”

“ಅದು ಪ್ರಶ್ನೆ ಅಲ್ಲ.”

“ಅದೊಂದೇ ಪ್ರಶ್ನೆ ಭಾವ. ಇದರಲ್ಲಿ ಫೇಲಾದ್ರೆ ಪೀಣ್ಯದಲ್ಲಿ ಬೀಗ ಹಾಕೋದೇ. ಈ ವರ್ಷ ಬೇರೆ ಆರ್ಡರ್ ಎಲ್ಲಿದೆ?”

ಅಷ್ಟರಲ್ಲಿ ಅಧಿಕಾರಿ ಕೇಳಿದರು, “ಮೊದಲ ಸ್ಯಾಂಪಲ್ ಯಾರು ಕೊಡ್ತೀರಿ?” ಚಪ್ಪಾಳೆ ತಟ್ಟಿದ ಕೈಗಳೆಲ್ಲ ಒಟ್ಟಿಗೆ ನನ್ನ ಕಡೆ ತೋರಿಸಿದವು.

೩. ಶಿವಗಂಗೆಯ ಭಕ್ತರು

ತುಮಕೂರು ರಸ್ತೆಯಲ್ಲಿ ಒಂದು ಜಾಗ ಗೊತ್ತು ಮಾಡಿ, ರಸ್ತೆಗೆ ಅಡ್ಡಲಾಗಿ ಎಲ್ಲರ ಬಣ್ಣದ ಗೆರೆಗಳನ್ನೂ ಸಾಲಾಗಿ ಎಳೆದರು. ಚೀಟಿ ಎತ್ತಿದ್ದರಲ್ಲಿ ನಮ್ಮದು ಏಳನೆಯದು. ಒಂದು ವರ್ಷ ಲಾರಿ ಬಸ್ಸು ಅವುಗಳ ಮೇಲೆ ಓಡಾಡಬೇಕು, ನಡುನಡುವೆ ಅದೇ ದೆಹಲಿಯ ಅಧಿಕಾರಿ ಬಂದು ಎಷ್ಟು ಸವೆದಿದೆ ಎಂದು ಅಳೆಯಬೇಕು. ತಯಾರಕರಿಗೆ ಅಲ್ಲಿ ಕೆಲಸವಿಲ್ಲ; ನಾನು ಹೇಳಿದ್ದೇ ನಿಯಮವಾಗಿ, ಮುಟ್ಟಿದವನು ಹೊರಗೆ.

ಆದರೂ ಭಾನುವಾರ ಬೆಳಿಗ್ಗೆ ನನ್ನ ಸ್ಕೂಟರ್ ಅದೇ ದಿಕ್ಕಿಗೆ ತಿರುಗುತ್ತಿತ್ತು. ಗೆರೆಗಳ ಎದುರಿಗೇ ಒಂದು ಟೀ ಅಂಗಡಿ. ಮೊದಲ ಸಲವೇ ಮಲ್ಲೇಶ್ವರದ ಹಿರಿಯರು ಅಲ್ಲಿ ಬೆಂಚಿನ ಮೇಲಿದ್ದರು.

“ಏನ್ ಸಾರ್ ಈ ಕಡೆ?” ಎಂದೆ.

“ಶಿವಗಂಗೆಗೆ ಹೊರಟಿದ್ದೆ. ತಾವು?”

“ನಾನೂ ಶಿವಗಂಗೆಗೇ.”

ಮುಂದಿನ ವಾರ ಇನ್ನಿಬ್ಬರು ಬಂದರು. ಅವರೂ ಶಿವಗಂಗೆಗೇ ಹೊರಟವರು. ಬೆಟ್ಟಕ್ಕೆ ಬೆನ್ನು ಹಾಕಿ ಕೂತು ರಸ್ತೆಯನ್ನೇ ನೋಡುವ ಭಕ್ತರನ್ನು ಕಂಡು ಅಂಗಡಿಯವನಿಗೆ ಕನಿಕರ ಹುಟ್ಟಿತು. “ಯಜಮಾನ್ರೇ, ಏನ್ ಬೀಳಿಸ್ಕೊಂಡ್ರಿ ಹೇಳಿ, ನಾನೂ ಹುಡುಕ್ತೀನಿ” ಎಂದ.

ನನ್ನ ಸಂಕಟ ಬೇರೆಯೇ ಇತ್ತು. ದೂರದಿಂದ ಬರುವ ಲಾರಿಯವರಿಗೆ ಆ ಗೆರೆಗಳೆಲ್ಲ ಹಂಪ್‌ಗಳ ಹಾಗೆ ಕಾಣುತ್ತಿದ್ದವು. ಗಾಬರಿಯಾಗಿ ಬ್ರೇಕ್ ಒತ್ತುವರು. ಒತ್ತಿದ ಬ್ರೇಕ್ ಸರಿಯಾಗಿ ಹಿಡಿಯುವ ಹೊತ್ತಿಗೆ ಬರುತ್ತಿದ್ದದ್ದು ಏಳನೇ ಗೆರೆ! ಒಂದೊಂದು ಸಲ ಚಕ್ರ ಕಿರುಚಿದಾಗಲೂ ನನ್ನ ಬೆನ್ನಿನ ಚರ್ಮವೇ ಸುಲಿದ ಹಾಗಾಗುತ್ತಿತ್ತು. ಒಂದು ಭಾನುವಾರ ಮರಳು ತುಂಬಿದ ಲಾರಿ ಬರುವುದನ್ನು ಕಂಡು, ಮುಂಚೆಯೇ ನಿಧಾನ ಮಾಡಲಿ ಎಂದು ರಸ್ತೆ ಬದಿಗೆ ಓಡಿ ಕೈ ಬೀಸಿದೆ. ಡ್ರೈವರ್ ಪುಣ್ಯಾತ್ಮ. ಒಂಬತ್ತನೇ ಗೆರೆಗೆ ಹೋಗಿ ನಿಂತವನು, ನನಗಾಗಿ ಹಿಂದಕ್ಕೆ ಬಂದು, ಹಿಂದಿನ ಚಕ್ರಗಳನ್ನು ಸರಿಯಾಗಿ ಏಳರ ಮೇಲೆ ನಿಲ್ಲಿಸಿ, ಬಾಗಿಲು ತೆರೆದು ಕೇಳಿದ:

“ಡ್ರಾಪ್ ಬೇಕಾ ಸಾರ್? ಶಿವಗಂಗೆಗಾ?”

೪. ಎಲ್ಲರಿಗೂ ಒಂದೇ ನ್ಯಾಯ

ಆಯುಧಪೂಜೆ ಬಂತು. ಕಾರ್ಖಾನೆಯಲ್ಲಿ ಕಡಾಯಿಗೆ, ತಕ್ಕಡಿಗೆ, ಟೆಂಪೋಗೆ, ಕೊನೆಗೆ ನನ್ನ ಸ್ಕೂಟರಿಗೂ ಅರಿಸಿನ ಕುಂಕುಮ ಆಯಿತು. ಬಾಗಿಲಲ್ಲಿ ಬೂದುಗುಂಬಳ ಒಡೆದರು. ಭಾವಮೈದ ಇನ್ನೊಂದು ಕುಂಬಳಕಾಯಿ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ.

“ಭಾವ, ಎಲ್ಲದಕ್ಕೂ ಆಯ್ತು. ರಸ್ತೆ ಮೇಲಿರೋದು?”

“ಮುಟ್ಟಬಾರದು. ನಿಯಮ ಮಾಡಿಸಿದ್ದು ನಾನು.”

“ಅಯ್ಯೋ ಮುಟ್ಟಲ್ಲ ಭಾವ. ಟೀ ಅಂಗಡಿಯಿಂದಲೇ ಒಂದು ಕೈ ಮುಗಿದು ಬಂದ್ಬಿಡ್ತೀನಿ.”

ಹಬ್ಬ ಮುಗಿದ ಮೇಲೆ ಅಧಿಕಾರಿ ಅಳತೆಗೆ ಬಂದರು. ಈ ಸಲ ತಯಾರಕರನ್ನೂ ಕರೆದಿದ್ದರು. ಜೀಪಿಳಿದವರು ಹಾಗೇ ನಿಂತುಬಿಟ್ಟರು. ಏಳನೇ ಗೆರೆ ಕೆಂಪು. ಅದರ ಮೇಲೆ ಕುಂಬಳದ ಬೀಜ, ಜಜ್ಜಿದ ನಿಂಬೆಹಣ್ಣು. ನಾನು ಭಾವಮೈದನ ಕಡೆ ತಿರುಗಿದೆ. ಅವನು ಬೆಟ್ಟದ ಕಡೆ ತಿರುಗಿಕೊಂಡ.

ಆದರೆ ಆರನೆಯದೂ ಕೆಂಪು. ಐದು, ನಾಲ್ಕು, ಎಂಟು, ಒಂಬತ್ತು, ಕಣ್ಣಿಗೆ ಬಿದ್ದದ್ದೆಲ್ಲ ಕೆಂಪು. ಮೂರನೆಯದರ ಪಕ್ಕದಲ್ಲಂತೂ ಯಾರೋ ರಂಗೋಲಿಯನ್ನೂ ಬಿಟ್ಟಿದ್ದರು.

“ಯಾರು ಮಾಡಿದ್ದು ಇದು?” ಎಂದರು ಅಧಿಕಾರಿ.

ಮಲ್ಲೇಶ್ವರದ ಹಿರಿಯರು ಗಂಟಲು ಸರಿಮಾಡಿಕೊಂಡರು. “ಶಿವಗಂಗೆಗೆ ಹೋಗೋ ಭಕ್ತರಿರಬೇಕು ಸಾರ್.”

ಅಧಿಕಾರಿ ನನ್ನತ್ತ ನೋಡಿದರು. “ನಿಯಮ ಮಾಡಿಸಿದವರು ನೀವು. ನೀವು ಹೇಳಿ.”

ಪೀಣ್ಯದ ಬೀಗ ಕಣ್ಣ ಮುಂದೆ ಬಂತು. ಆದರೂ ಹೇಳಿದೆ: “ಏಳು ನಮ್ಮದು. ಪೂಜೆ ಮಾಡಿದ್ದು ನನ್ನ ಭಾವಮೈದ.”

ಹಿಂದಿನಿಂದ ಒಂದು ಸಣ್ಣ ದನಿ, “ನಾಲ್ಕು ನಮ್ಮದು.” ಆಮೇಲೆ, “ಒಂಬತ್ತು ನಮ್ಮದು.” ಹಿರಿಯರು ಕೊನೆಗೆ, “ಮೂರು. ರಂಗೋಲಿ ನಮ್ಮ ಮನೆಯವರದ್ದು” ಎಂದರು.

ಅಧಿಕಾರಿ ತಲೆಯ ಮೇಲೆ ಕೈ ಹೊತ್ತರು. “ಎಲ್ಲರನ್ನೂ ಹೊರಗೆ ಹಾಕಿದರೆ ಪರೀಕ್ಷೆ ಯಾರಿಗೆ ಮಾಡಲಿ? ಎಲ್ಲ ಗೆರೆಗೂ ಒಂದೇ ಗತಿ ಬಂದಿದ್ದರೆ ತೊಳೆಸಿ ಮುಂದುವರಿಸಬಹುದಿತ್ತು. ಆದರೆ ಅಲ್ಲಿ ನೋಡಿ, ಹತ್ತನೆಯದು ಒಂದು ಬೆಳ್ಳಗಿದೆ. ಅದೊಂದು ಬೇರೆಯಾದರೆ ಇಡೀ ಪರೀಕ್ಷೆ ರದ್ದು. ಮತ್ತೆ ಮೊದಲಿನಿಂದ, ಇನ್ನೊಂದು ವರ್ಷ.”

ಇನ್ನೊಂದು ವರ್ಷ! ಅಷ್ಟು ದಿನ ಬಾಳುವ ಕಾರ್ಖಾನೆ ನಮ್ಮ ಪೈಕಿ ಯಾರದ್ದೂ ಆಗಿರಲಿಲ್ಲ. ಅವತ್ತು ನಿಯಮ ಪಾಲಿಸಿದ ಆ ಒಬ್ಬ ಮನುಷ್ಯನನ್ನು ನಾನು ಶಪಿಸಿದಷ್ಟು ಇನ್ನಾರನ್ನೂ ಶಪಿಸಿಲ್ಲ.

“ಹತ್ತು ಯಾರದ್ದು?” ಎಂದರು ಅಧಿಕಾರಿ.

ನಾವೆಲ್ಲ ಪಕ್ಕದವರ ಮುಖ ನೋಡಿದೆವು. ಕಡೆಗೆ ಅವರ ಜೊತೆ ಬಂದಿದ್ದ ಇಲ್ಲಿಯ ರಸ್ತೆ ಇಲಾಖೆಯ ಅಸಿಸ್ಟೆಂಟ್ ಎಂಜಿನಿಯರ್ ಒಂದು ಹೆಜ್ಜೆ ಮುಂದೆ ಬಂದ.

“ಅದು ನಮ್ಮ ಇಲಾಖೆಯದೇ ಸಾರ್. ಹೋಲಿಸಿ ನೋಡೋಕೆ ನಾವೇ ಹಾಕಿದ್ದು. ಹಬ್ಬದ ದಿನ ಜೀಪ್ ಸಿಗಲಿಲ್ಲ, ಅದಕ್ಕೇ ಪೂಜೆ ತಡವಾಯ್ತು.” ಅವನು ಜೀಪಿನ ಹಿಂದಿನ ಸೀಟಿಗೆ ಕೈ ತೋರಿಸಿದ. “ಕುಂಬಳಕಾಯಿ ತಂದಿದೀವಿ. ತಮ್ಮ ಕೈಯಲ್ಲೇ ಒಡೆಸೋಣ ಅಂತ ಕಾಯ್ತಿದ್ವಿ ಸಾರ್.”

ಅಧಿಕಾರಿ ಬಿಳಿ ಗೆರೆಯನ್ನೊಮ್ಮೆ ನೋಡಿದರು. ಕೈ ಜೋಡಿಸಿ ನಿಂತಿದ್ದ ನಮ್ಮನ್ನೊಮ್ಮೆ ನೋಡಿದರು. ಆಮೇಲೆ ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು ಕೇಳಿದರು:

“ಎಡಗಡೆ ಒಡೀಬೇಕೋ, ನಡುವೆಯೋ?”