ಬೀಸುಕಲ್ಲು ಎತ್ತಿದ ಎಂಜಿನಿಯರು

ನಾನು ಎಂಜಿನಿಯರಿಂಗ್ ಸೇರಿ ಆರು ವಾರವಾಗಿತ್ತು. ಮೆಕ್ಯಾನಿಕ್ಸ್ ಪುಸ್ತಕದ ಎರಡು ಅಧ್ಯಾಯ ಮುಗಿದಿದ್ದವು. ಹೀಗಾಗಿ ಜಗತ್ತಿನಲ್ಲಿ ನಾನು ಎತ್ತಲಾರದ ವಸ್ತು ಯಾವುದೂ ಉಳಿದಿರಲಿಲ್ಲ!

ಅಕ್ಕನ ಮದುವೆಗೆಂದು ರಾಮದುರ್ಗದ ಮನೆಗೆ ಬಂದಿದ್ದೆ. ಮೊದಲ ಶಾಸ್ತ್ರವೇ ಬೀಸುಕಲ್ಲಿನ ಪೂಜೆ. ಅಜ್ಜಿ ಸುರೇಬಾನದ ತವರಿನಿಂದ ತಂದ ಕಲ್ಲು ಒಳಕೋಣೆಯಲ್ಲಿತ್ತು; ಪೂಜೆ ಪಡಸಾಲೆಯಲ್ಲಿ. ಐದು ಜನ ಮುತ್ತೈದೆಯರು ಆಗಲೇ ಬಂದು ಕುಳಿತಿದ್ದರು. ಕಲ್ಲಿಗೆ ಬಿರುಕು ಬಿದ್ದರೆ ಮದುವೆಗೆ ಅಪಶಕುನವೆಂದು ಅಜ್ಜಿಯ ನಂಬಿಕೆ.

“ಓಣ್ಯಾಗಿನ ನಾಕ್ ಮಂದೀನ ಕರಕೊಂಡ್ ಬಾ,” ಎಂದಳು ಅಜ್ಜಿ.

“ಯಾರೂ ಬ್ಯಾಡ. ಹಾರಿ ಐತೆಲ್ಲ, ನಾ ಒಬ್ಬಾಕೀನ ಎತ್ತತೇನಿ!”

ನೆಲದ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದೆ. ಹಾರೆ ಐದು ಅಡಿ. ಅದರ ಕೆಳಗಿನ ಆಸರೆ ಬೀಸುಕಲ್ಲಿನಿಂದ ಅರ್ಧ ಅಡಿ ದೂರ. ಹಾಗಾದರೆ ಭಾರದ ಒಂಬತ್ತನೇ ಒಂದು ಪಾಲು ಬಲ ಸಾಕು. ಆಸರೆಗೆ ಅಡುಗೆಮನೆಯ ಗುಂಡುಕಲ್ಲು ತಂದಿಟ್ಟೆ.

“ಅದು ಉಳ್ಳತೈತವಾ,” ಎಂದಳು ಅವ್ವ. ಅವ್ವ ಓದಿದ್ದು ಎಂಟನೇ ಇಯತ್ತೆ. ನಾನು ಕಿವಿಗೊಡಲಿಲ್ಲ.

ಹಾರೆಯ ತುದಿ ಒತ್ತಿದೆ. ಕಲ್ಲು ಎದ್ದಿತು! ಬಾಗಿಲಲ್ಲಿ ಇಣುಕುತ್ತಿದ್ದ ಮುತ್ತೈದೆಯರು ಬಾಯಿ ಮೇಲೆ ಕೈ ಇಟ್ಟರು. ಆಗಲೇ “ಫಟ್!” ಎಂದು ಸದ್ದಾಯಿತು. ಕಲ್ಲಿನ ಭಾರ, ನನ್ನ ಬಲ ಎರಡನ್ನೂ ಹೊರುವುದು ಆಸರೆ. ಆಸರೆಯನ್ನು ಹೊತ್ತಿದ್ದು ಮೊನ್ನೆಯಷ್ಟೇ ಹಾಕಿಸಿದ ಟೈಲ್ಸ್. ಈ ಸಂಗತಿ ಮೂರನೇ ಅಧ್ಯಾಯದಲ್ಲಿತ್ತಂತೆ! ಟೈಲ್ಸ್ ಸೀಳಿತು. ಗುಂಡುಕಲ್ಲು ಉರುಳಿತು. ಬೀಸುಕಲ್ಲು ಧೊಪ್ಪೆಂದು ಕುಳಿತಿತು. ಹಾರೆ ಜಾರಿ, ಅರಿಷಿಣ ಕಲಸಿಟ್ಟ ಬೋಗುಣಿಗೆ ಬಡಿಯಿತು. ಮದುಮಗಳಿಗಿಂತ ಮೊದಲು ಅರಿಷಿಣ ಹತ್ತಿದ್ದು ನನ್ನ ಮುಖಕ್ಕೆ.

“ನನ್ನ ಮದವಿ ನಿಂದ್ರಸಾಕ ಬಂದಿ ಏನ?” ಎಂದ ಅಕ್ಕನ ಕಣ್ಣು ತುಂಬಿದವು. ನನಗೂ ನಿಜವಾಗಿ ಹೆದರಿಕೆಯಾಯಿತು. ಅಜ್ಜಿ ಕಲ್ಲನ್ನು ಸುತ್ತಲೂ ಸವರಿ ನೋಡಿದಳು. ಪುಣ್ಯಕ್ಕೆ ಬಿರುಕಿರಲಿಲ್ಲ.

ಬಳಿಕ ಅಜ್ಜಿ ಗೂಟ ಹಿಡಿಸಿ ಮೇಲಿನ ಕಲ್ಲನ್ನು ಕೆಳಗಿನದರಿಂದ ಬೇರೆ ಮಾಡಿಸಿದಳು. ಕಲ್ಲು ಎರಡು ಎಂಬುದೇ ನನ್ನ ಚಿತ್ರದಲ್ಲಿರಲಿಲ್ಲ! ಇಬ್ಬರು ಮುತ್ತೈದೆಯರು ಸೆರಗು ಸಿಕ್ಕಿಸಿ, ಒಂದೊಂದನ್ನೇ ಅಂಚಿನ ಮೇಲೆ ನಿಲ್ಲಿಸಿ, ಗಾಲಿಯಂತೆ ಉರುಳಿಸುತ್ತ ಪಡಸಾಲೆಗೆ ಒಯ್ದರು.

“ಗುಂಡಗ ಐತೆಲ್ಲ, ಹುಚ್ಚಿ! ಗುಂಡಗಿದ್ದದ್ದನ್ನ ಯಾರರ ಎತ್ತತಾರೇನ?” ಎಂದಳು ಅಜ್ಜಿ.

ಮದುವೆ ಸಾಂಗವಾಗಿ ಆಯಿತು. ಕಲ್ಲನ್ನು ಮರಳಿ ಒಳಕೋಣೆಗೆ ಒಯ್ಯುವ ದಿನ, ತಪ್ಪು ತಿದ್ದಿಕೊಳ್ಳೋಣವೆಂದು ನಾನೇ ಮೊದಲು ಎದ್ದು ನಿಂತೆ. ಅಜ್ಜಿ ನನ್ನನ್ನೊಮ್ಮೆ ನೋಡಿದಳು. ಬಾಗಿಲಿಗೆ ಹೋಗಿ ಓಣಿಗೆಲ್ಲ ಕೇಳುವಂತೆ ಕೂಗಿದಳು:

“ಎಂಜಿನಿಯರಿಂಗ್ ಕಲೀಲಾರದವ್ರು ಯಾರರ ಇದ್ರ, ಒಂದೀಟ ಬರ್ರೆವ್ವಾ!”